ಸಮವಸ್ತ್ರ ಕಳಚಿದ ಮೇಲೆ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಿಂದ ಸೈನ್ಯ ಸೇರಿದ ತರುಣರು ನಲವತ್ತು ತುಂಬುವ ಮೊದಲೇ ನಿವೃತ್ತರಾಗಿ ಮರಳುವುದನ್ನು ನಾವು ಕಂಡಿದ್ದೇವೆ. ಈ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕೇ ಎಂಬ ಸಂಕೋಚವೇ ಅವರನ್ನು ಕಾಡುತ್ತದೆ.

ಅಂದಿನ ಬಿಜಾಪುರದ ಸೈನಿಕ ಶಾಲೆಯಲ್ಲಿ ಕಲಿತ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿ, ಇಪ್ಪತ್ತೆಂಟರ ಪ್ರಾಯದಲ್ಲಿ ಸೈನ್ಯವನ್ನು ಬಿಟ್ಟರು. ಅವರ ಮನೆತನದ ಭೂಮಿ ಹೇಮಾವತಿ ಜಲಾಶಯದಲ್ಲಿ ಮುಳುಗಿತ್ತು. ಹಿಡಕಲ್ ಜಲಾಶಯಕ್ಕೆ ಹೊಲ ಕೊಟ್ಟ ನಮ್ಮವರಿಗೆ ಆ ನೋವು ಹೊಸದಲ್ಲ. ಬದಲಿಗೆ ದೊರೆತ ಜಾವಗಲ್ಲಿನ ಬರಡು ನೆಲದಲ್ಲಿ ಡೇರೆ ಹಾಕಿ ಅವರು ರೈತರಾದರು, ರೇಷ್ಮೆ ಬೆಳೆದರು. 2003ರಲ್ಲಿ ಏರ್ ಡೆಕ್ಕನ್ ವಿಮಾನಸಂಸ್ಥೆಯನ್ನು ಆರಂಭಿಸಿದರು.

1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿಗುಂಡಿಗೆ ಕಾಲು ಮುರಿದುಕೊಂಡ ಯೋಧ, ಸಂತ ಇಗ್ನೇಷಿಯಸರು, ಮೂವತ್ತು ಮೀರಿದ ಮೇಲೆ ಬಾರ್ಸೆಲೋನಾದಲ್ಲಿ ಹುಡುಗರೊಡನೆ ಕುಳಿತು ಲತೀನ್ ವ್ಯಾಕರಣ ಕಲಿತರು. ಅಂದು ಅವರು ನಾಚಿದ್ದರೆ ಯೇಸುಸಭೆ ಎಲ್ಲಿರುತ್ತಿತ್ತು?

ಸೈನಿಕ ಬಂಧುಗಳೇ, ಬಂದೂಕನ್ನು ಹಿಂದಿರುಗಿಸಿ ಬಂದಿರಿ. ಕಲಿತ ಶಿಸ್ತನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ. ಅದನ್ನು ಹೊಲಕ್ಕೋ, ಅಂಗಡಿಗೋ, ಶಾಲೆಗೋ ತನ್ನಿರಿ. ಮನೆಯವರೇ, ಹೊಸದನ್ನು ಕಲಿಯುವವನನ್ನು ಕಂಡು ನಗಬೇಡಿರಿ.

ದೇವರು ನಿಮ್ಮನ್ನು ಆಶೀರ್ವದಿಸಲಿ.