ದೇಶನೂರಿನ ನಡುಗಡ್ಡೆ

ಕಥೆಗಳ ಅದ್ಭುತ ದ್ವೀಪಗಳನ್ನು ಕುರಿತು ಕೇಳಿ ವಿಸ್ಮಿತರಾಗುವ ನಾವು, ಸಿರುಗುಪ್ಪದ ಬಳಿ ತುಂಗಭದ್ರೆಯು ಕವಲೊಡೆದು ತನ್ನ ತೋಳುಗಳ ನಡುವೆ ಧರಿಸಿರುವ ದೇಶನೂರಿನ ನಡುಗಡ್ಡೆಯನ್ನೂ ಸ್ಮರಿಸಬೇಕು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಪಂಪಾಕ್ಷೇತ್ರವಾದ ಹಂಪೆಯನ್ನು ಸ್ಪರ್ಶಿಸಿ, ಆನೆಗೊಂದಿಯ ಬಳಿ ಒಂಬತ್ತು ಯತಿಗಳ ಬೃಂದಾವನಗಳುಳ್ಳ ನಡುಗಡ್ಡೆಯನ್ನು ಬಳಸಿ ಬರುವ ಈ ಹೊಳೆಗೆ ವಿಜಯನಗರದ ಕಾಲದಲ್ಲಿ ಅಣೆಗಳನ್ನು ಕಟ್ಟಿ ತೆಗೆದ ಕಾಲುವೆಗಳ ಸಾಲಿನಲ್ಲಿ ದೇಶನೂರಿನ ಹೆಸರಿನದೂ ಒಂದುಂಟು. 1953ರಲ್ಲಿ ಹೊಸಪೇಟೆಯ ಬಳಿ ಮಹಾಜಲಾಶಯವು ಸಿದ್ಧವಾಗುವುದಕ್ಕೆ ಶತಮಾನಗಳ ಮೊದಲೇ ಈ ಸೀಮೆಯ ಹೊಲಗಳಿಗೆ ನದಿಯ ನೀರು ಹರಿದಿತ್ತು. ನೆರೆಯಾಗಿ ಬೆದರಿಸುವ ಪ್ರವಾಹವನ್ನೇ ಅನ್ನವಾಗಿ ಮಾರ್ಪಡಿಸಿದ ಆ ಪೂರ್ವಿಕರ ವಿವೇಕವು ಯಾವ ಪುರಾಣಪವಾಡಕ್ಕೂ ಕಡಿಮೆಯದಲ್ಲ. ಕಾಲುವೆಗಳ ಹೂಳನ್ನೆತ್ತಿ, ಹೊಳೆಯ ಮರಳನ್ನು ಕಾಪಾಡಿ, ಈ ಸಂಪತ್ತನ್ನು ಮುಂದಿನ ಪೀಳಿಗೆಗೆ ಕುಂದಿಲ್ಲದೆ ಒಪ್ಪಿಸುವುದು ನಮ್ಮೆಲ್ಲರ ಧರ್ಮ.