ಫಿಲೇ ದೇಗುಲದ ಕಲ್ಲುಗಳು



ಈಜಿಪ್ತಿಗೆ ಹೋಗಿ ಬಂದೆವೆಂದೊಡನೆ ಎಲ್ಲರೂ ಕೇಳುವುದು ಪಿರಮಿಡ್ಡುಗಳ ಮಾತನ್ನೇ. ಅವನ್ನೂ ಕಂಡೆವು, ಆದರೆ ಅವುಗಳ ವರ್ಣನೆ ಶಾಲಾಪುಸ್ತಕಗಳಲ್ಲಿಯೇ ಬೇಕಾದಷ್ಟಿದೆ. ಇಂದು ನಾವು ಹೇಳಬಯಸುವುದು ದಕ್ಷಿಣದ ಆಸ್ವಾನ್ ಪಟ್ಟಣದ ಸಮೀಪದಲ್ಲಿ, ನೈಲ್ ನದಿಯ ನಡುವಣ ದ್ವೀಪದಲ್ಲಿರುವ ಫಿಲೇ ದೇಗುಲವನ್ನು ಕುರಿತು. ಅಲ್ಲಿಗೆ ದೋಣಿಯಲ್ಲಿಯೇ ಹೋಗಬೇಕು.

ಐಸಿಸ್ ದೇವಿಗಾಗಿ ಟಾಲೆಮಿ ವಂಶದ ಅರಸರು ಕಟ್ಟಿಸಿ, ರೋಮನ್ ಚಕ್ರವರ್ತಿಗಳು ಬೆಳೆಸಿದ ದೇಗುಲವಿದು. ಈಜಿಪ್ತಿನ ಚಿತ್ರಲಿಪಿಯಲ್ಲಿ ಕೊರೆದ, ಕಾಲ ತಿಳಿದಿರುವ ಶಾಸನಗಳಲ್ಲಿ ಕಟ್ಟಕಡೆಯದು ಇಲ್ಲಿಯೇ ಇದೆ. ಅದರ ದಿನಾಂಕ ಕ್ರಿ.ಶ. 394ರ ಆಗಸ್ಟ್ 24. ಮೂರು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಾಳಿದ ಲಿಪಿಯನ್ನು ಕ್ರಮೇಣ ಓದಬಲ್ಲವರೇ ಇಲ್ಲವಾದರು. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋನ್ ಎಂಬ ವಿದ್ವಾಂಸನು ಅದರ ಮರ್ಮವನ್ನು ಬಿಡಿಸುವವರೆಗೂ ಆ ಗೋಡೆಗಳು ಮೂಕವಾಗಿದ್ದವು.

ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಿಂದ ಇಲ್ಲಿನ ಪೂಜೆ ನಿಂತಿತು. ಬಿಷಪ್ ಥಿಯೊಡೋರರು ಒಳಗಿನ ಕಂಬಸಾಲಿನ ಮಂಟಪವನ್ನು ಸಂತ ಸ್ತೆಫಾನರ ಹೆಸರಿನ ದೇವಾಲಯವಾಗಿ ಮಾರ್ಪಡಿಸಿದರು. ಕಂಬಗಳ ಮೇಲೆ ಅಂದು ಕೊರೆದ ಶಿಲುಬೆಗಳೂ ಕಲ್ಲಿನ ಬಲಿಪೀಠವೂ ಇಂದಿಗೂ ಇವೆ. ಅಷ್ಟು ದೂರದ ನಾಡಿನಲ್ಲಿ, ಅಷ್ಟು ಹಳೆಯ ಕಲ್ಲಿನ ಮೇಲೆ ಆ ಗುರುತನ್ನು ಕಂಡಾಗ ನಮ್ಮ ಕೈ ತಾನಾಗಿಯೇ ಹಣೆಗೆ ಹೋಯಿತು. ಆದರೆ ಅದೇ ದೇಗುಲದಲ್ಲಿ ಸಾಲುಸಾಲು ದೇವತಾ ಶಿಲ್ಪಗಳ ಮುಖ, ಕೈಕಾಲುಗಳನ್ನು ಉಳಿಯಿಂದ ಕೊಚ್ಚಿ ಹಾಕಲಾಗಿದೆ. ಕೊಚ್ಚಿದವರು ಆ ಕಾಲದ ಕ್ರೈಸ್ತರೆಂದೇ ಸಾಮಾನ್ಯವಾಗಿ ವಿದ್ವಾಂಸರು ಹೇಳುತ್ತಾರೆ. ಶಿಲುಬೆಯ ವಿಷಯವನ್ನು ಮಾತ್ರ ಹೇಳಿ ಇದನ್ನು ಮರೆಮಾಚುವುದು ತಮ್ಮೆದುರಿನಲ್ಲಿ ನಮಗೆ ಸರಿತೋರದು. ಆ ಮಂಟಪದಲ್ಲಿ ನಮ್ಮ ಪ್ರಾರ್ಥನೆ ಸರಾಗವಾಗಿ ಸಾಗಲಿಲ್ಲ.

ಇಷ್ಟಾಗಿ ಆ ದೇಗುಲ ಈಗ ತನ್ನ ಮೂಲ ಸ್ಥಳದಲ್ಲಿಲ್ಲ. 1902ರಲ್ಲಿ ಮುಗಿದ ಆಸ್ವಾನಿನ ಮೊದಲ ಅಣೆಕಟ್ಟಿನಿಂದ ಅದು ವರ್ಷದ ಬಹುಪಾಲು ನೀರಿನಲ್ಲಿರುವಂತಾಗಿ, ಗೋಡೆಗಳ ಬಣ್ಣಗಳೆಲ್ಲ ತೊಳೆದುಹೋದವು. 1970ರಲ್ಲಿ ಪೂರ್ಣಗೊಂಡ ದೊಡ್ಡ ಅಣೆಕಟ್ಟಿನ ಬಳಿಕ ಕಲ್ಲಿಗೇ ಅಪಾಯ ಬಂದೊದಗಿತು. ಯುನೆಸ್ಕೋ ಸಂಸ್ಥೆಯ ನೆರವಿನಿಂದ ದ್ವೀಪದ ಸುತ್ತ ಉಕ್ಕಿನ ತಡೆಗೋಡೆ ನಿಲ್ಲಿಸಿ, ನೀರನ್ನು ಹೊರಹಾಕಿ, ಸುಮಾರು 40,000 ಕಲ್ಲುಗಳನ್ನು ಬಿಡಿಬಿಡಿಯಾಗಿ ಕಳಚಿ, ಎತ್ತರದ ಅಗಿಲ್ಕಿಯಾ ದ್ವೀಪದಲ್ಲಿ ಮರಳಿ ಜೋಡಿಸಿದರು. 1980ರಲ್ಲಿ ದೇಗುಲ ಮತ್ತೆ ತೆರೆಯಿತು. ಶಿಲುಬೆಯೂ ಕೊಚ್ಚಿದ ಮುಖಗಳೂ ಇದ್ದಂತೆಯೇ ಬಂದವು. ಒಂದನ್ನಿಟ್ಟು ಇನ್ನೊಂದನ್ನು ತಿದ್ದಲು ಯಾರೂ ಹೋಗಲಿಲ್ಲ.

ಮಾರ್ಗದರ್ಶಿಗಳು ಅವಸರದಲ್ಲಿ ದಾಟಿಸುವ ಸಂಗತಿ ಇನ್ನೊಂದಿದೆ. ಐಸಿಸ್ ದೇವಿಯನ್ನು ಕಟ್ಟಕಡೆಯವರೆಗೆ ನಂಬಿದವರಲ್ಲಿ ದಕ್ಷಿಣದ ನೂಬಿಯಾದ ಜನರೂ ಇದ್ದರು. ದೊಡ್ಡ ಅಣೆಕಟ್ಟಿನ ನೀರು ಏರಿದಾಗ ಆ ನಾಡಿನ ಹಳ್ಳಿಗಳೇ ಮುಳುಗಿದವು. 1963-64ರಲ್ಲಿ ಸುಮಾರು 50,000 ಮಂದಿಯನ್ನು ಉತ್ತರದ ಕೋಮ್ ಓಂಬೊ ಸೀಮೆಗೆ ಸಾಗಿಸಲಾಯಿತು. ಅವರ ಮನೆಗಳನ್ನು ಕಲ್ಲು ಕಲ್ಲಾಗಿ ಕಳಚಿ ಜೋಡಿಸಿಕೊಟ್ಟವರಿಲ್ಲ. ಇಂದು ಪ್ರವಾಸಿಗರನ್ನು ದೇಗುಲಕ್ಕೆ ಕರೆದೊಯ್ಯುವ ದೋಣಿಗಾರರಲ್ಲಿ ನೂಬಿಯನರು ಅನೇಕರು. ಹಳೆಯ ಫಿಲೇ ಇದ್ದೆಡೆಯಲ್ಲಿ ಉಕ್ಕಿನ ತಡೆಗೋಡೆಯ ಅವಶೇಷ ನೀರಿನ ಮೇಲೆ ತಲೆಯೆತ್ತಿ ನಿಂತಿರುವುದು ದೋಣಿಯಿಂದಲೇ ಕಾಣುತ್ತದೆ.