ಹೊಸ ಓದುಗನ ಅಧಿಕಾರ



 ಸಮ್ಮೇಳನದ ಅಧ್ಯಕ್ಷ ಪೀಠದಿಂದ ಇಡೀ ಕ್ಷೇತ್ರದ ಸಮೀಕ್ಷೆಯನ್ನು ಮಾಡುವುದು ರೂಢಿಯಾದರೂ, ಆ ರೂಢಿಯನ್ನು ಇಂದು ಬದಿಗಿರಿಸಿ, ಭಾಷಣಗಳಲ್ಲಿ ಸಾಮಾನ್ಯವಾಗಿ ಸ್ಥಾನ ಪಡೆಯದ ಒಂದು ಕಿರಿದಾದ ವಿಷಯವನ್ನೇ ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಪೈತಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯಲ್ಲಿ ಒಂದು ಪದವನ್ನೋ, ಒಂದು ವಾಕ್ಯವನ್ನೋ, ಒಂದು ಉದಾಹರಣೆಯನ್ನೋ ತಿದ್ದಿ ಕಳುಹಿಸುವ ಕೆಲಸವೇ ಆ ವಿಷಯ. ಕೋಡ್ ಬರೆಯುವ ‘ನಿಜವಾದ’ ಕೆಲಸಕ್ಕೆ ಕೈಹಾಕುವ ಮೊದಲು ಮಾಡತಕ್ಕ ಪೂರ್ವಾಭ್ಯಾಸವೆಂದು ಇದನ್ನು ಎಣಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಇದು ಹೊಸ ಓದುಗನಿಗೇ ಮೀಸಲಾದ ಕೆಲಸ. ಭಾಷೆಯನ್ನು ನಿರ್ಮಿಸಿದವರಿಗೂ ಅದು ದುಸ್ಸಾಧ್ಯ. ಆ ಹೊಸ ಓದುಗನಿಗೆ ಕೂಡ ಅದು ಅಲ್ಪಕಾಲ ಮಾತ್ರ ಸಾಧ್ಯ. ನಾನು ಹೇಳಬೇಕಾದುದರ ಸಾರವೆಲ್ಲ ಇಷ್ಟೇ ಆದರೂ, ಅದರ ಕಾರಣಗಳನ್ನು ಸಾವಧಾನವಾಗಿ ಬಿಡಿಸಿ ನೋಡುವುದು ಅಗತ್ಯವೆಂದು ಭಾವಿಸುತ್ತೇನೆ.

1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕ ವಿಜ್ಞಾನ ಸಂಶೋಧನ ಕೇಂದ್ರದಲ್ಲಿ ಗೀಡೋ ವಾನ್ ರಾಸಮ್ ಅವರು ಆರಂಭಿಸಿ, 1991ರ ಫೆಬ್ರವರಿಯಲ್ಲಿ ಲೋಕಕ್ಕೆ ಒಪ್ಪಿಸಿದ ಈ ಭಾಷೆಗೆ ಕೈಪಿಡಿಯ ವಿಷಯದಲ್ಲಿ ಆದಿಯಿಂದಲೂ ಒಂದು ಶ್ರದ್ಧೆ ಉಂಟು. ಆದರೆ ಬಹುಕಾಲ ಆ ಕೈಪಿಡಿ ಲೇಟೆಕ್ ಎಂಬ ಅಚ್ಚುಜೋಡಣೆಯ ವ್ಯವಸ್ಥೆಯಲ್ಲಿ ಬರೆಯಲ್ಪಟ್ಟಿತ್ತಾದುದರಿಂದ, ಒಂದು ಅಲ್ಪವಿರಾಮವನ್ನು ತಿದ್ದಬಯಸಿದವನೂ ಮೊದಲು ಆ ವ್ಯವಸ್ಥೆಯ ಕಟ್ಟಳೆಗಳನ್ನು ಅರಿಯಬೇಕಾಗುತ್ತಿತ್ತು. 2007 ಮತ್ತು 2008ರ ಸುಮಾರಿಗೆ ಗೇಯೋರ್ಗ್ ಬ್ರಾಂಡ್ಲ್ ಅವರು ಆ ಗ್ರಂಥರಾಶಿಯನ್ನೆಲ್ಲ ಸಾಧಾರಣ ಪಠ್ಯಕ್ಕೆ ಸಮೀಪವಾದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ರೂಪಕ್ಕೆ ಪರಿವರ್ತಿಸಿ, ಅದನ್ನು ಪುಟಗಳಾಗಿ ಕಟ್ಟುವುದಕ್ಕೆಂದು ಸ್ಫಿಂಕ್ಸ್ ಎಂಬ ಸಾಧನವನ್ನು ರಚಿಸಿದರು. ಭಾಷೆಯ ಇತಿಹಾಸವನ್ನು ಬರೆಯುವವರು ಹೊಸ ಹೊಸ ಲಕ್ಷಣಗಳು ಸೇರಿದ ವರ್ಷಗಳನ್ನು ಎಣಿಸುತ್ತಾರೆಯೇ ಹೊರತು ಈ ಪರಿವರ್ತನೆಗೆ ತಕ್ಕ ಗೌರವವನ್ನು ಕೊಡುವುದಿಲ್ಲ. ನನ್ನ ಮಟ್ಟಿಗಂತೂ, ಓದಬಲ್ಲವರೆಲ್ಲರೂ ತಿದ್ದಬಲ್ಲವರಾದುದು ಅಂದಿನಿಂದಲೇ. 2017ರ ಫೆಬ್ರವರಿಯಲ್ಲಿ ಪೈತಾನಿನ ಸೋರ್ಸ್ ಕೋಡೆಲ್ಲವೂ ಗಿಟ್‌ಹಬ್‌ಗೆ ವರ್ಗವಾದ ಮೇಲೆ ಉಳಿದಿದ್ದ ಅಡಚಣೆಗಳೂ ಬಹುಮಟ್ಟಿಗೆ ತೊಲಗಿದವು.

ಕೈಪಿಡಿಯೆಂಬುದು ಭಾಷೆಗೆ ಹೊರಗಿನಿಂದ ಅಂಟಿಸಿದ ವಿವರಣೆಯೆಂಬ ಭಾವನೆಯೊಂದು ನಮ್ಮಲ್ಲಿ ಬೇರೂರಿದೆ. ಅದು ನಿಜವಲ್ಲವೆಂಬುದಕ್ಕೆ ಪೈತಾನಿನಲ್ಲಿ ಪದಾರ್ಥಗಳನ್ನು ಹೆಸರಿಟ್ಟು ಕೂಡಿಡುವ ಡಿಕ್ಷನರಿ ಎಂಬ ರಚನೆಯ ಪ್ರಕರಣವೊಂದೇ ಸಾಕು. 2016ರ ಡಿಸೆಂಬರಿನಲ್ಲಿ ಹೊರಬಂದ 3.6ನೆಯ ಆವೃತ್ತಿಯಲ್ಲಿ, ಡಿಕ್ಷನರಿಯಲ್ಲಿ ಇಟ್ಟ ಪದಾರ್ಥಗಳು ಇಟ್ಟ ಕ್ರಮದಲ್ಲಿಯೇ ಹೊರಗೆ ಬರುತ್ತಿದ್ದವು. ಆದರೆ ಅದು ಆ ಆವೃತ್ತಿಯ ಆಂತರಿಕ ರಚನೆಯ ಪರಿಣಾಮವೆಂದೂ, ಅದನ್ನು ನೆಚ್ಚಬಾರದೆಂದೂ ಕೈಪಿಡಿ ಎಚ್ಚರಿಸುತ್ತಿತ್ತು. 2018ರಲ್ಲಿ ಬಂದ 3.7ರಲ್ಲಿ ಆ ಕ್ರಮವನ್ನು ನೆಚ್ಚಬಹುದೆಂದು ಕೈಪಿಡಿಯಲ್ಲಿ ಬರೆಯಲಾಯಿತು. ನಡವಳಿಕೆ ಎರಡರಲ್ಲಿಯೂ ಒಂದೇ. ಮೊದಲನೆಯದರಲ್ಲಿ ಆಕಸ್ಮಿಕವಾಗಿದ್ದುದು ಎರಡನೆಯದರಲ್ಲಿ ಧರ್ಮವಾಯಿತು. ಹಾಗೆ ಆದುದು ಒಂದು ವಾಕ್ಯದ ಬಲದಿಂದ. ಪೈತಾನನ್ನು ಬೇರೆ ರೀತಿಯಲ್ಲಿ ನಿರ್ಮಿಸಬಯಸುವ ಯಾವನೇ ಆಗಲಿ ಇಂದು ಆ ವಾಕ್ಯಕ್ಕೆ ವಿಧೇಯನು. ಪ್ರೋಗ್ರಾಂ ಏನನ್ನು ಮಾಡುತ್ತದೆಯೆಂಬುದನ್ನು ಕೋಡ್ ಹೇಳುತ್ತದೆ. ಏನನ್ನು ಮಾಡುವುದಾಗಿ ಮಾತು ಕೊಟ್ಟಿದೆಯೆಂಬುದನ್ನು ಕೈಪಿಡಿಯಲ್ಲದೆ ಮತ್ತಾವುದೂ ಹೇಳಲಾರದು.

ಇನ್ನೊಂದನ್ನು ಸಮೀಪದಿಂದ ನೋಡೋಣ. ಸಂಖ್ಯೆಯೊಂದನ್ನು ಹತ್ತಿರದ ಸ್ಥಾನಕ್ಕೆ ಸರಿಹೊಂದಿಸುವ ರೌಂಡ್ ಎಂಬ ಫಂಕ್ಷನ್ ಇದೆಯಷ್ಟೆ. 2.675 ಎಂಬುದನ್ನು ಎರಡು ದಶಮಾಂಶ ಸ್ಥಾನಗಳಿಗೆ ಇಳಿಸೆಂದು ಅದಕ್ಕೆ ಹೇಳಿದರೆ, ಶಾಲೆಯಲ್ಲಿ ಕಲಿತ ಲೆಕ್ಕದಂತೆ 2.68 ಬರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಅದು ಕೊಡುವುದು 2.67. ಮೊದಲ ಬಾರಿಗೆ ಇದನ್ನು ಕಂಡ ವಿದ್ಯಾರ್ಥಿಗೆ ಭಾಷೆಯ ಮೇಲೆಯೇ ಸಂಶಯ ಹುಟ್ಟುವುದು ಸಹಜ. ಕೈಪಿಡಿಯಲ್ಲಿ ಅದೇ ಸ್ಥಳದಲ್ಲಿ ಒಂದು ಸಣ್ಣ ಟಿಪ್ಪಣಿಯಿದೆ: ಇದು ದೋಷವಲ್ಲ, ದಶಮಾಂಶ ಭಿನ್ನರಾಶಿಗಳಲ್ಲಿ ಹೆಚ್ಚಿನವನ್ನು ಗಣಕಯಂತ್ರವು ತನ್ನ ದ್ವಿಮಾನ ಪದ್ಧತಿಯಲ್ಲಿ ಯಥಾವತ್ತಾಗಿ ಬರೆದಿಡಲಾರದು ಎಂಬುದು ಅದರ ತಾತ್ಪರ್ಯ. ನಾವು 2.675 ಎಂದು ಬರೆದುದು ಯಂತ್ರದೊಳಗೆ ಅದಕ್ಕಿಂತ ಅಣುಮಾತ್ರ ಕಡಮೆಯಾದ ಒಂದು ಸಂಖ್ಯೆಯಾಗಿ ಕುಳಿತಿರುತ್ತದೆ. ಆದುದರಿಂದ ಅದು ಕೆಳಕ್ಕೆ ಇಳಿಯುವುದೇ ಸರಿ. ಬೆರಳೆಣಿಕೆಯ ಈ ಪಂಕ್ತಿಗಳು ಎಷ್ಟು ಜನರ ಎಷ್ಟು ಸಂಜೆಗಳನ್ನು ಉಳಿಸಿರಬಹುದೆಂಬುದನ್ನು ಊಹಿಸಿಕೊಳ್ಳಿ. ಇಂಥ ಟಿಪ್ಪಣಿ ಇಂಥಲ್ಲಿ ಬೇಕೆಂಬುದು ಯಾರಿಗೆ ತೋರೀತು? ಅಲ್ಲಿ ಎಡವಿದವನಿಗೆ, ಅಥವಾ ಎಡವಿದವನ ಮಾತನ್ನು ತಾಳ್ಮೆಯಿಂದ ಕೇಳಿದವನಿಗೆ.

ಹಳೆಯ ಮನೆಗಳ ಗಿಡ್ಡ ಬಾಗಿಲುವಾಡದ ಕೆಳಗೆ ಮನೆಯವರು ತಮಗೆ ಅರಿವಿಲ್ಲದೆಯೇ ತಲೆ ಬಾಗಿಸಿ ನಡೆದುಬಿಡುತ್ತಾರೆ. ಹಣೆಗೆ ಪೆಟ್ಟಾಗುವುದು ಬಂದ ನೆಂಟನಿಗೆ. ಭಾಷೆಯೊಂದರಲ್ಲಿ ವರ್ಷಾನುವರ್ಷ ಕೆಲಸಮಾಡಿದವರ ಸ್ಥಿತಿಯೂ ಅದೇ. ಅವರ ಜ್ಞಾನ ಹೆಚ್ಚಿದಂತೆಲ್ಲ, ಆ ಜ್ಞಾನವಿಲ್ಲದವನಿಗೆ ಒಂದು ವಾಕ್ಯ ಹೇಗೆ ಕೇಳಿಸುತ್ತದೆಯೆಂಬುದನ್ನು ಕಲ್ಪಿಸಿಕೊಳ್ಳುವ ಶಕ್ತಿ ಕುಗ್ಗುತ್ತ ಹೋಗುತ್ತದೆ. ಬಿಟ್ಟುಹೋದ ಪದವನ್ನು ಅವರ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ದ್ವಂದ್ವಾರ್ಥವಾದ ಸರ್ವನಾಮ ಅವರಿಗೆ ಒಂದೇ ಅರ್ಥವನ್ನು ಕೊಡುತ್ತದೆ. ಇದು ಅವರ ಅಲಕ್ಷ್ಯವಲ್ಲ, ಪಾಂಡಿತ್ಯದ ಅನಿವಾರ್ಯ ಫಲ. ಆದುದರಿಂದಲೇ, ಇಂದು ಒಂದು ವಾಕ್ಯವನ್ನು ಮೂರು ಸಲ ಓದಿಯೂ ಅರ್ಥವಾಗದೆ, ಬೇರೆಲ್ಲೋ ಪ್ರಯೋಗ ಮಾಡಿ ನೋಡಿ, ಕಟ್ಟಕಡೆಗೆ ಅರ್ಥ ಮಾಡಿಕೊಂಡ ತರುಣನಲ್ಲಿ ಒಂದು ಅಮೂಲ್ಯವಾದ ತಿಳಿವಳಿಕೆ ಇದೆ. ಎಲ್ಲಿ ದಾರಿ ತಪ್ಪುತ್ತದೆ, ಯಾವ ಪದ ಇದ್ದಿದ್ದರೆ ತಪ್ಪುತ್ತಿರಲಿಲ್ಲ ಎಂಬ ತಿಳಿವಳಿಕೆ ಅದು. ಅದು ಬಹಳ ದಿನ ನಿಲ್ಲುವಂಥದಲ್ಲ. ತಿಂಗಳು ಕಳೆಯುವುದರೊಳಗೆ ಅವನಿಗೂ ಆ ವಾಕ್ಯ ಸ್ಪಷ್ಟವಾಗಿಯೇ ಕಾಣತೊಡಗುತ್ತದೆ. ಎಡವಿದ ದಿನವೇ ತಿದ್ದುಪಡಿಯನ್ನು ಬರೆದು ಕಳುಹಿಸಿ ಎಂದು ನಾನು ಕಿರಿಯರನ್ನು ಇಷ್ಟು ಒತ್ತಾಯಪೂರ್ವಕವಾಗಿ ಪ್ರಾರ್ಥಿಸುವುದು ಇದಕ್ಕಾಗಿ.

ಇಷ್ಟು ಹೇಳಿದ ಮಾತ್ರಕ್ಕೆ ಈ ಕೆಲಸ ಸಡಿಲವಾದುದೆಂದು ಯಾರೂ ತಿಳಿಯಬಾರದು. ಕೈಪಿಡಿಯ ಮೂಲವು ಸೋರ್ಸ್ ಕೋಡಿನ ಜೊತೆಯಲ್ಲಿಯೇ ‘ಡಾಕ್’ ಎಂಬ ಫೋಲ್ಡರಿನಲ್ಲಿದೆ. ಮೊದಲ ಬಾರಿಗೆ ಪುಲ್ ರಿಕ್ವೆಸ್ಟ್, ಅಂದರೆ ತಿದ್ದುಪಡಿಯನ್ನು ಸೇರಿಸಿಕೊಳ್ಳಿರೆಂಬ ಕೋರಿಕೆ, ಕಳುಹಿಸುವವರು ಪೈತಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಒಪ್ಪಂದಪತ್ರವೊಂದಕ್ಕೆ ಸಹಿ ಮಾಡಬೇಕು. ಬರಿಯ ಕಾಗುಣಿತದ ತಪ್ಪಾದರೆ ಪ್ರತ್ಯೇಕವಾಗಿ ಇಶ್ಯೂ, ಅಂದರೆ ದೋಷದ ದೂರು, ತೆರೆಯಬೇಕಾಗಿಯೂ ಇಲ್ಲ. ಕಾರ್ಯವಿಧಾನ ಇಷ್ಟು ಸುಲಭವಾದರೂ ವಿವೇಚನೆ ಸುಲಭವಲ್ಲ. ಉದಾಹರಣೆಗೆ, ಮಾರ್ಕ್‌ಡೌನ್ ಬರೆದು ರೂಢಿಯಾದವರು ಕೋಡಿನ ಪದವೊಂದರ ಎರಡು ಕಡೆಗೂ ಒಂದೊಂದೇ ಬ್ಯಾಕ್‌ಟಿಕ್ ಹಾಕಿಬಿಡುತ್ತಾರೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟಿನಲ್ಲಿ ಕೋಡಿಗೆ ಬೇಕಾದುದು ಎರಡೆರಡು. ಒಂದೊಂದೇ ಹಾಕಿದರೆ ಪುಟದಲ್ಲಿ ಆ ಪದ ಓರೆಯಕ್ಷರವಾಗಿ ಮೂಡಿ, ಓದುವವನಿಗೆ ಅದು ಒತ್ತಿ ಹೇಳಿದ ಸಾಮಾನ್ಯ ಪದವಾಗಿ ಕಾಣುತ್ತದೆ. ಅದು ಫಂಕ್ಷನ್ನಿನ ಹೆಸರಾಗಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದರ ವಿವರಣೆಯಿರುವ ಪುಟಕ್ಕೆ ತಾನೇ ಕೊಂಡಿ ಏರ್ಪಡುವಂತೆ ಗುರುತು ಹಾಕುವುದುಂಟು. ಆದರೆ ಒಂದೇ ಪರಿಚ್ಛೇದದಲ್ಲಿ ಆ ಹೆಸರು ಐದು ಸಲ ಬಂದರೆ ಐದಕ್ಕೂ ಕೊಂಡಿ ಹಾಕುವುದು ಓದಿಗೆ ವಿಘ್ನ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾವ ನಿಯಮವೂ ಪೂರ್ತಿಯಾಗಿ ಹೇಳಲಾರದು.

ಉದಾಹರಣೆಯನ್ನು ತಿದ್ದುವವರು ಅದನ್ನು ನಡೆಸಿ ನೋಡದೆ ಕಳುಹಿಸತಕ್ಕದ್ದಲ್ಲ. 2001ರ 2.1ನೆಯ ಆವೃತ್ತಿಯಿಂದಲೂ, ಟಿಮ್ ಪೀಟರ್ಸ್ ಅವರ ಡಾಕ್‌ಟೆಸ್ಟ್ ಎಂಬ ಸಾಧನವು ವಿವರಣೆಯೊಳಗಿನ ಉದಾಹರಣೆಯನ್ನು ನಡೆಸಿ, ಪುಟದಲ್ಲಿ ಬರೆದ ಉತ್ತರವೇ ಬಂದಿತೆ ಎಂದು ಪರೀಕ್ಷಿಸುವ ಅನುಕೂಲವನ್ನು ಒದಗಿಸಿದೆ. ಯಾವ ಆವೃತ್ತಿಯಲ್ಲಿ ಈ ಮಾತು ನಿಜ ಎಂಬ ಪ್ರಶ್ನೆಯನ್ನೂ ಮರೆಯಬಾರದು. ತಿದ್ದುಪಡಿಯು ಮೊದಲು ಮುಂಬರುವ ಆವೃತ್ತಿಗೆ ಸೇರಿ, ಆಮೇಲೆ ಇನ್ನೂ ದೋಷಪರಿಹಾರ ದೊರೆಯುತ್ತಿರುವ ಹಿಂದಿನ ಆವೃತ್ತಿಗಳಿಗೂ ಹೋಗಬೇಕಾಗುತ್ತದೆ. ಹಾಗೆ ಹಿಂದಕ್ಕೆ ಒಯ್ಯುವ ಕೆಲಸವನ್ನು ಮರಿಯಾಟಾ ವಿಜಯಾ ಅವರು ರೂಪಿಸಿದ ಮಿಸ್ ಇಸ್ಲಿಂಗ್ಟನ್ ಎಂಬ ಬಾಟ್ ಮಾಡಿಕೊಡುತ್ತದೆ. ಆದರೆ ಆ ವಾಕ್ಯ ಹಿಂದಿನ ಆವೃತ್ತಿಯಲ್ಲಿಯೂ ಸತ್ಯವೇ ಎಂಬುದನ್ನು ನಿರ್ಧರಿಸುವ ಹೊಣೆ ಮನುಷ್ಯನದೇ.

ಅಪ್ರಿಯವಾದ ಒಂದು ಮಾತನ್ನೂ ಇಲ್ಲಿ ಹೇಳಬೇಕು. 2020ರ ಅಕ್ಟೋಬರಿನಲ್ಲಿ, ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಅಭಿಯಾನದಲ್ಲಿ ನಾಲ್ಕು ಪುಲ್ ರಿಕ್ವೆಸ್ಟುಗಳಿಗೆ ಒಂದು ಟಿ-ಷರ್ಟು ದೊರೆಯುತ್ತದೆಂಬ ಕಾರಣದಿಂದ, ಅರ್ಥವಿಲ್ಲದ ತಿದ್ದುಪಡಿಗಳು ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳ ಮೇಲೆ ಪ್ರವಾಹದಂತೆ ಬಂದು ಬಿದ್ದವು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅಭಿಯಾನವು ಅನ್ವಯಿಸುವಂತೆ ಆ ತಿಂಗಳಿನಲ್ಲೇ ನಿಯಮವನ್ನು ಬದಲಾಯಿಸಬೇಕಾಯಿತು. ಹೊಗಳಿಕೆಯ ವಿಶೇಷಣವೊಂದನ್ನು ಸೇರಿಸುವುದು, ಸರಿಯಾಗಿದ್ದ ಪದಕ್ಕೆ ಸಮಾನಾರ್ಥಕ ಪದವನ್ನು ಇಡುವುದು, ಇವೂ ಗಾತ್ರದಲ್ಲಿ ಸಣ್ಣವೇ. ಇಲ್ಲಿ ನೋಡಬೇಕಾದುದು ಗಾತ್ರವನ್ನಲ್ಲ. ಹಿಂದೆ ಯಾರೋ ಒಬ್ಬ ಓದುಗ ನಿಜವಾಗಿ ಎಡವಿದ್ದನೇ ಎಂಬುದನ್ನು. ಪ್ರತಿಯೊಂದು ತಿದ್ದುಪಡಿಯನ್ನೂ ಪರಿಶೀಲಿಸುವವರು ಬಹುಪಾಲು ಸ್ವಯಂಸೇವಕರು. ತಮ್ಮ ಬಿಡುವಿನ ವೇಳೆಯನ್ನು ಅವರು ಇದಕ್ಕೆ ಧಾರೆಯೆರೆಯುತ್ತಾರೆ. ನಮ್ಮ ಕಾಲೇಜುಗಳಲ್ಲಿ ತಿದ್ದುಪಡಿಗಳ ಸಂಖ್ಯೆಯನ್ನೇ ಅರ್ಹತೆಯೆಂದು ಎಣಿಸುವ ಪದ್ಧತಿ ಬೆಳೆಯಬಾರದೆಂದು ಅಧ್ಯಾಪಕ ಮಿತ್ರರಲ್ಲಿ ವಿಶೇಷವಾಗಿ ಬಿನ್ನವಿಸುತ್ತೇನೆ.

ಪರಿಶೀಲಿಸುವ ಹಿರಿಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಮೊದಲು ತೋರಿಸಿಕೊಟ್ಟವರಿಗೆ 2.56 ಡಾಲರಿನ ಚೆಕ್ಕನ್ನು ಬರೆದು ಕಳುಹಿಸುತ್ತಿದ್ದರು. 256 ಸೆಂಟುಗಳೆಂದರೆ ಹದಿನಾರರ ಎಣಿಕೆಯಲ್ಲಿ ಒಂದು ಡಾಲರೆಂಬುದು ಅವರ ಲೆಕ್ಕ. ಪಡೆದವರಲ್ಲಿ ಎಷ್ಟೋ ಜನ ಅದನ್ನು ನಗದು ಮಾಡಿಕೊಳ್ಳದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ಚೆಕ್ಕು ಬರೆಯುವುದು ಎಲ್ಲರಿಂದಲೂ ಆಗದು. ಆದರೆ ತಿದ್ದುಪಡಿಯನ್ನು ತಿರಸ್ಕರಿಸಬೇಕಾಗಿ ಬಂದಾಗ, ಏಕೆಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸುವ ಸೌಜನ್ಯ ಎಲ್ಲರಿಗೂ ಸಾಧ್ಯ. ತಪ್ಪಾಗಿ ಸೂಚಿಸಿದ ತಿದ್ದುಪಡಿಯೂ, ಅಲ್ಲಿ ಅರ್ಥ ಕೆಡುತ್ತಿದೆಯೆಂಬುದಕ್ಕೆ ಒಂದು ಸಾಕ್ಷಿಯಲ್ಲವೆ? ಸೂಚಿಸಿದ ಪದ ಒಪ್ಪತಕ್ಕದ್ದಲ್ಲದಿರಬಹುದು. ಸೂಚಿಸಿದವನ ತೊಡಕು ಮಾತ್ರ ನಿಜವಾದುದೇ.

ಕನ್ನಡಿಗರಾದ ನಮಗೆ ಈ ಕಾರ್ಯದಲ್ಲಿ ನಮ್ಮದೇ ಆದ ಒಂದು ಪಾಲು ಉಂಟು. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಪೈತಾನನ್ನು ಕೇಳಿದರೆ ಐದು ಎನ್ನುತ್ತದೆ. ಬಾಲಪಾಠದ ಮಗುವೂ ಅದರಲ್ಲಿ ಮೂರು ಅಕ್ಷರಗಳನ್ನು ಎಣಿಸುತ್ತದೆ. ಒತ್ತಕ್ಷರದೊಳಗಿನ ಎರಡು ನಕಾರಗಳೂ ಅವುಗಳ ನಡುವಣ ಹಲಂತ ಚಿಹ್ನೆಯೂ ಯೂನಿಕೋಡಿನಲ್ಲಿ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ ಆ ಐದು ಏರ್ಪಡುತ್ತದೆ. ಅದೇ ಪೈತಾನ್, ನಮ್ಮ ಲಿಪಿಯ ಅಂಕಿಗಳಲ್ಲಿ ೧೨ ಎಂದು ಬರೆದ ಪಠ್ಯವನ್ನು ಪೂರ್ಣಾಂಕವಾಗಿ ಪರಿವರ್ತಿಸೆಂದರೆ ಹನ್ನೆರಡೆಂದು ತಪ್ಪಿಲ್ಲದೆ ಗ್ರಹಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸಂಕೇತವೆಂಬ ಏರ್ಪಾಡಿನಲ್ಲಿ ಬೆಳೆದ ಓದುಗನಿಗೆ ಈ ಎರಡು ಸಂಗತಿಗಳೂ ಎದುರಾಗುವುದೇ ಅಪರೂಪ. ‘ಕ್ಯಾರೆಕ್ಟರ್’ ಎಂಬ ಪದ ಯಾವ ವಾಕ್ಯದಲ್ಲಿ ಅಸ್ಪಷ್ಟವಾಗುತ್ತದೆಯೆಂಬುದು ನಮ್ಮ ಕಣ್ಣಿಗೆ ಒಡನೆಯೇ ಬೀಳುತ್ತದೆ. ಅಂಥ ಸ್ಥಳಗಳನ್ನು ಗುರುತಿಸಿ ಕಳುಹಿಸುವುದಕ್ಕೆ ನಮಗಿಂತ ಯೋಗ್ಯರು ಬೇರೆ ಯಾರಿದ್ದಾರೆ?

2017ರಲ್ಲಿ ಸಿದ್ಧವಾದ ಪೆಪ್ 545 ಎಂಬ ನಿರ್ಣಯವು ಪೈತಾನಿನ ಕೈಪಿಡಿಯನ್ನು ಲೋಕದ ಭಾಷೆಗಳಿಗೆ ತರುವ ಕ್ರಮವನ್ನು ಗೊತ್ತುಮಾಡಿದೆ. ಜಪಾನೀ, ಫ್ರೆಂಚ್, ಕೊರಿಯನ್ ಭಾಷೆಗಳವರು ಆ ದಾರಿಯಲ್ಲಿ ನಡೆದಿದ್ದಾರೆ. ದೋಷಗಳನ್ನು ತಿಳಿಸುವ ವಿಧಾನದ ಪುಟ, ಟ್ಯುಟೋರಿಯಲ್, ಭಾಷೆಯೊಳಗೇ ಅಂತರ್ಗತವಾದ ಫಂಕ್ಷನ್ನುಗಳ ಪುಟ, ಈ ಭಾಗಗಳು ಪೂರ್ತಿಯಾದರೆ ಆ ಭಾಷೆ ಅಧಿಕೃತ ಕೈಪಿಡಿಯ ಭಾಷಾಪಟ್ಟಿಯಲ್ಲಿ ಸೇರುತ್ತದೆ. ಅನುವಾದಕ್ಕೆ ಕುಳಿತವನಷ್ಟು ನಿಧಾನವಾಗಿ ಮೂಲವನ್ನು ಓದುವವರು ಬೇರಿಲ್ಲವಾದುದರಿಂದ, ಆ ಕೆಲಸದ ನಡುವೆ ಇಂಗ್ಲಿಷ್ ಮೂಲದ ತೊಡಕುಗಳೂ ತಾವಾಗಿಯೇ ಕೈಗೆ ಸಿಕ್ಕುತ್ತವೆ. ಅವನ್ನು ಒಂದೊಂದಾಗಿ ಮೂಲಕ್ಕೆ ಕಳುಹಿಸುತ್ತ, ಕನ್ನಡದ ಪಾಠವನ್ನೂ ಕಟ್ಟುತ್ತ ಹೋಗಬಹುದು. ಈ ಮಧ್ಯಾಹ್ನದ ಗೋಷ್ಠಿಯಲ್ಲಿ ಚರ್ಚೆಯ ಬದಲು ಟ್ಯುಟೋರಿಯಲ್ಲಿನ ಮೊದಲ ಅಧ್ಯಾಯವನ್ನು ಎಲ್ಲರೂ ಕೂಡಿ ಓದಬೇಕೆಂದೂ, ಗೋಷ್ಠಿಯಲ್ಲಿ ಅತ್ಯಂತ ಹೊಸಬರಾದವರೇ ಗಟ್ಟಿಯಾಗಿ ಓದಿ, ತಡವರಿಸಿದ ಕಡೆಗಳನ್ನೆಲ್ಲ ಹಿರಿಯರು ಗುರುತು ಹಾಕಿಕೊಳ್ಳಬೇಕೆಂದೂ ಸೂಚಿಸುತ್ತೇನೆ.